ಕತ್ತರಿಸಲಾ ಮಿಸ್?

ಫೆಬ್ರವರಿ 11

ತಮ್ಮಾ,

ಇದು ನಾಲ್ಕನೆಯ ಕಾಗದ. ಮೊದಲಿನ ಮೂರನ್ನು ಬರೆದು ಹರಿದು ಹಾಕಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನ್ನ ಬಾಯಿಂದ ಮಾತು ಹೊರಡುತ್ತದೆ ಎಂಬ ನಂಬಿಕೆ ಇಲ್ಲ. ವಿಳಾಸ ಕೊಟ್ಟವನು ನಿನ್ನ ಅಂಗಡಿಯ ಪಕ್ಕದ ಬೀಗದವನು. "ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡಿ ಅಕ್ಕಾ" ಎಂದು ಹತ್ತು ಸಲ ಹೇಳಿದ. ಹೇಳಿಬಿಟ್ಟೆ ನೋಡು.

ಲೈಬ್ರರಿ ಇದ್ದ ಹಾಗೇ ಇದೆ. ಕಿಟಕಿಯ ಕೆಳಗಿನ ನಿನ್ನ ಉದ್ದನೆಯ ಮೇಜಿನ ಮೇಲೆ ಹೆಡ್ ಮಿಸ್ ಹಸಿರು ಬಟ್ಟೆ ಹಾಸಿಸಿ, ನಟ್ಟನಡುವೆ ಒಂದು ಗ್ಲೋಬು ಇಡಿಸಿದ್ದಾರೆ. ಬಟ್ಟೆ ಎತ್ತಿದರೆ ಬೆಸುಗೆ ಹಾಕುವಾಗ ಬಿದ್ದ ಕಪ್ಪು ಚುಕ್ಕೆಗಳು, ಅಂಟಿನ ಕಲೆ, ಯಾರೋ ಕೊರೆದ ಎಂಟರ ಮಗ್ಗಿ ಎಲ್ಲವೂ ಹಾಗೆಯೇ ಇವೆ. ಸಲಕರಣೆಯ ಬೀರುವಿಗೆ ಬೀಗ ಬಿದ್ದಿದೆ. ಕೀಲಿ ಅವರ ಡ್ರಾಯರಿನಲ್ಲಿ.

ಮಕ್ಕಳು ಕೇಳುತ್ತಾರೆ. "ಲೈಬ್ರರಿ ಮಿಸ್, ರಿಪೇರಿ ಮಾಮ ಯಾವಾಗ ಬರ್ತಾರೆ?" ಊರಿಗೆ ಹೋಗಿದ್ದಾರೆ ಎನ್ನುತ್ತೇನೆ. ಎರಡನೇ ಕ್ಲಾಸಿನ ಒಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಇಷ್ಟೊಂದು ದಿನ ಇರೋಕೆ ಅದೆಂಥಾ ಊರು ಮಿಸ್?" ಎಂದಳು.

ನೀನು ಮೊದಲ ಸಲ ಬಂದದ್ದು ಫ್ಯಾನು ರಿಪೇರಿಗೆ. ಆಗೆಲ್ಲ ಲೈಬ್ರರಿಗೆ ಬರುತ್ತಿದ್ದದ್ದು ಹೋಮ್‌ವರ್ಕ್ ಮಾಡದೆ ಶಿಕ್ಷೆ ಸಿಕ್ಕಿದ ಮಕ್ಕಳು ಮಾತ್ರ. ಏಣಿಯ ಸುತ್ತ ನಿಂತು "ಮಾಮ, ಅದರೊಳಗೆ ಏನಿದೆ?" ಎಂದವು. ನೀನು ಫ್ಯಾನನ್ನೇ ಕೆಳಗಿಳಿಸಿ, ನೆಲದ ಮೇಲೆ ಬಿಚ್ಚಿ ಹರಡಿದೆ. ಎರಡು ವಾರ ನಮಗೆ ಗಾಳಿ ಇರಲಿಲ್ಲ. ಆದರೆ ಗಾಳಿಯ ಬಗ್ಗೆ ಇದ್ದ ಐದು ಪುಸ್ತಕವೂ ಕಪಾಟಿನಿಂದ ಖಾಲಿಯಾದವು. ಆಮೇಲೆ ರಟ್ಟಿನ ಸೇತುವೆ ಬಂತು, ಹಳೆಯ ಟೇಪ್‌ರೆಕಾರ್ಡರಿನ ಮೋಟರು ಬಂತು, ಬಲ್ಬು ಹೊತ್ತುವ ಊರು ಬಂತು. ಮಕ್ಕಳು ಏನನ್ನಾದರೂ ಅರ್ಧ ಮಾಡಿ ಸಿಕ್ಕಿಹಾಕಿಕೊಂಡಾಗಲೇ ಪುಸ್ತಕ ಕೇಳುತ್ತಾರೆ ಎಂಬುದು ಇಷ್ಟು ವರ್ಷ ಲೈಬ್ರರಿಯನ್ ಆಗಿದ್ದ ನನಗೆ ನಿನ್ನಿಂದ ಗೊತ್ತಾಯಿತು.

ನಿನಗೆ ಬೇಕಾದ ಸುದ್ದಿ ಇದ್ಯಾವುದೂ ಅಲ್ಲ ಎಂದು ಗೊತ್ತು. ಧೈರ್ಯ ಸಾಲದೆ ಕೊನೆಗೆ ಇಟ್ಟೆ. ಮೊಳೆ ಮತ್ತೆ ಶಾಲೆಗೆ ಬರುತ್ತಿದ್ದಾಳೆ. ಸಣ್ಣಗೆ, ನೆಟ್ಟಗೆ, ಒಂದು ಕಡೆ ಕೂತರೆ ಕೀಳಲಾಗದವಳು ಎಂದು ನೀನೇ ಇಟ್ಟ ಹೆಸರು. ಈಗ ಯಾರೂ ಹಾಗೆ ಕರೆಯುವುದಿಲ್ಲ. ಬ್ಯಾಂಡೇಜು ತೆಗೆದಿದ್ದಾರೆ. ಕಂದು ಗಾಜಿನ ಕನ್ನಡಕ ಹಾಕಿದ್ದಾಳೆ. ಅವಳಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಸಂಜೆ ಆರರವರೆಗೆ ಮಿಷನ್ನಿನ ಮುಂದೆ ಕೆಲಸ. ಅಲ್ಲಿಯವರೆಗೆ ಇವಳು ನನ್ನ ಹತ್ತಿರ ಲೈಬ್ರರಿಯಲ್ಲಿ ಕೂತಿರುತ್ತಾಳೆ.

ಉತ್ತರ ಬೇಡ, ಓದಿದರೆ ಸಾಕು ಎಂದು ಸುಳ್ಳು ಬರೆಯಲಾರೆ. ಬರಿ.

ಅಕ್ಕ

*

ಮಾರ್ಚ್ 2

ಅಕ್ಕನಿಗೆ,

ಕಾಗದ ಬಂತು. ಬೀಗದವನಿಗೆ ಬೈಯುವುದಿಲ್ಲ.

ಇಲ್ಲಿ ಹಳೆಯ ಕಂಪ್ಯೂಟರು, ಪ್ರಿಂಟರು, ಟಿವಿ ಒಡೆಯುವ ಗೋದಾಮಿನಲ್ಲಿ ಕೆಲಸ. ಬಿಚ್ಚುವುದಲ್ಲ, ಒಡೆಯುವುದು. ಮೊದಲ ದಿನ ನಾನು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಕ್ಕೆ ಮೇಸ್ತ್ರಿ, "ಏನಯ್ಯಾ, ಆಪರೇಷನ್ ಮಾಡ್ತೀಯಾ?" ಎಂದು ನಕ್ಕು ಕೈಗೆ ಸುತ್ತಿಗೆ ಕೊಟ್ಟ. ತಾಮ್ರ ಒಂದು ಗುಡ್ಡೆ, ಅಲ್ಯೂಮಿನಿಯಂ ಒಂದು ಗುಡ್ಡೆ, ಪ್ಲಾಸ್ಟಿಕ್ ಒಂದು ಗುಡ್ಡೆ. ಯೋಚನೆ ಮಾಡುವಂಥದ್ದು ಏನೂ ಇಲ್ಲ. ಅದಕ್ಕೇ ಇದ್ದೇನೆ.

ಮೂವರು ಒಂದು ರೂಮಿನಲ್ಲಿ ಇದ್ದೇವೆ. ಮೇಲೆ ಫ್ಯಾನು ಕಟಕಟ ಅನ್ನುತ್ತದೆ. ಐದು ನಿಮಿಷದ ಕೆಲಸ. ಮುಟ್ಟಿಲ್ಲ.

ಮಕ್ಕಳಿಗೆ ಊರಿಗೆ ಹೋಗಿದ್ದಾನೆ ಎನ್ನಬೇಡ. ಬರುವುದಿಲ್ಲ ಎಂದು ಹೇಳು. ಕಾದು ಕೂತವರಿಗೆ ಸುಳ್ಳು ಹೇಳುವುದು ತಪ್ಪು.

ಕಣ್ಣಿನ ವಿಷಯ ಬರೆಯಲೇ ಇಲ್ಲ. ಬ್ಯಾಂಡೇಜು, ಕನ್ನಡಕ ಎಂದು ಸುತ್ತ ತಿರುಗಿದ್ದೀಯ. ಡಾಕ್ಟರು ಏನು ಹೇಳಿದರೋ ಅದನ್ನು ಅವರು ಹೇಳಿದ ಹಾಗೇ ಬರಿ. ಮೆತ್ತಗೆ ಮಾಡಬೇಡ.

ತಮ್ಮ

*

ಮಾರ್ಚ್ 15

ತಮ್ಮಾ,

ಕಳೆದ ವಾರ ಅವಳಮ್ಮನ ಜೊತೆ ನಾನೂ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಹೇಳಿದ್ದು ಇಷ್ಟು: "ಎಡಗಣ್ಣಲ್ಲಿ ಇನ್ನು ದೃಷ್ಟಿ ಬರೋದಿಲ್ಲಮ್ಮಾ. ಆಸೆ ಇಟ್ಕೊಂಡು ಊರೂರು ಅಲೀಬೇಡಿ. ಬಲಗಣ್ಣನ್ನ ಚೆನ್ನಾಗಿ ನೋಡ್ಕೊಳ್ಳಿ." ಅವಳಮ್ಮ ತಲೆಯಾಡಿಸಿದಳು. ಮೊಳೆ ಡಾಕ್ಟರನ್ನೇ ಕೇಳಿದಳು: "ಅದಕ್ಕೇ ನನಗೆ ದೂರ ಯಾವುದು ಹತ್ತಿರ ಯಾವುದು ಅಂತ ಗೊತ್ತಾಗ್ತಿಲ್ವಾ ಸಾರ್?" ಅವರು ಪೆನ್ನು ಕೆಳಗಿಟ್ಟು, "ಹೌದು ಪುಟ್ಟಾ. ಸ್ವಲ್ಪ ಸ್ವಲ್ಪ ಅಭ್ಯಾಸ ಆಗತ್ತೆ" ಎಂದರು.

ಮೆತ್ತಗೆ ಮಾಡಬೇಡ ಎಂದೆ, ಅದಕ್ಕೇ ಇದನ್ನೂ ಬರೆಯುತ್ತೇನೆ. ಕಪಾಟಿನಿಂದ ಪುಸ್ತಕ ತೆಗೆಯಲು ಕೈ ಚಾಚಿದರೆ ಅವಳ ಬೆರಳು ನಾಲ್ಕು ಇಂಚು ಈಚೆಗೇ ಮುಚ್ಚಿಕೊಳ್ಳುತ್ತದೆ. ಬರಿಗಾಳಿಯನ್ನು ಹಿಡಿದು ನಿಲ್ಲುತ್ತಾಳೆ. ಪೆನ್ನಿನ ಮುಚ್ಚಳ ಪೆನ್ನಿಗೆ ಕೂರುವುದಿಲ್ಲ. ನೀರು ಲೋಟದ ಪಕ್ಕಕ್ಕೆ ಬೀಳುತ್ತದೆ. ತೂಕಡಿಸುತ್ತ ಕೂತೇ ಸೂಜಿಗೆ ದಾರ ಪೋಣಿಸುತ್ತಿದ್ದ ಹುಡುಗಿ.

ಶಾಲೆಗೆ ಹೊಸ ಡಬ್ಬಿಗಳು ಬಂದಿವೆ. 'ಮಾಡಿ ಕಲಿ' ಎಂದು ಮೇಲೆ ದೊಡ್ಡದಾಗಿ ಬರೆದಿದೆ, ಒಳಗೆ ಮಾಡುವುದಕ್ಕೆ ಏನೂ ಇಲ್ಲ. ನಾಲ್ಕು ತುಂಡು ಟಕ್ ಟಕ್ ಎಂದು ಜೋಡಿಸಿದರೆ ಒಂದು ರೋಬೋಟು. ಮೂರು ಹೆಜ್ಜೆ ನಡೆದು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತದೆ. ಮೂವತ್ತು ಮಕ್ಕಳು, ಮೂವತ್ತು ರೋಬೋಟು, ಮೂವತ್ತೂ ಗೋಡೆಗೆ ಮುಖ ಮಾಡಿ ನಿಂತವು. ಕಲಿಸಲು ಬಂದಿದ್ದ ಟೈ ಕಟ್ಟಿದ ಹುಡುಗ ಚಪ್ಪಾಳೆ ತಟ್ಟಿಸಿದ. ಮೊಳೆ ಕೈಯೆತ್ತಿದಳು.

"ಸಾರ್, ಇದನ್ನ ಬಿಚ್ಚಬಹುದಾ?"

"ಬಿಚ್ಚಿದ್ರೆ ವಾರಂಟಿ ಹೋಗತ್ತೆ ಪುಟ್ಟಿ."

"ಹೋದ್ರೆ ಏನಾಗತ್ತೆ ಸಾರ್?"

ಅವನು ನನ್ನ ಮುಖ ನೋಡಿದ. ತಿಂಗಳುಗಳ ನಂತರ ಮೊದಲ ಸಲ ನಕ್ಕೆ ಕಣೋ. ನೀನಿರಬೇಕಿತ್ತು.

ಮೊಳೆ ನಿನ್ನನ್ನು ಕೇಳುವುದಿಲ್ಲ. ಉಳಿದ ಮಕ್ಕಳು ಕೇಳಿದಾಗ ಮಾತ್ರ ತಲೆ ಬಗ್ಗಿಸಿ ಪುಸ್ತಕದ ಪುಟ ತಿರುಗಿಸುತ್ತಾಳೆ.

ಊಟದ ಹೊತ್ತು ತಪ್ಪಿಸಬೇಡ. ಇಷ್ಟು ಹೇಳುವ ಹಕ್ಕಾದರೂ ಇದೆಯಲ್ಲ ನನಗೆ.

ಅಕ್ಕ

*

ಏಪ್ರಿಲ್ 9

ಅಕ್ಕನಿಗೆ,

ನೀನಿರಬೇಕಿತ್ತು ಎಂದು ಬರೆದೆ. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ವಿಚಾರಣೆಯ ವರದಿಯ ಒಂದು ಪ್ರತಿ ನನ್ನ ಹತ್ತಿರ ಇದೆ. ಮಡಚಿ ಮಡಚಿ ಹರಿಯುತ್ತಾ ಬಂದಿದೆ. 'ಮೇಜಿನ ಜವಾಬ್ದಾರಿ ಹೊತ್ತ ವ್ಯಕ್ತಿ ಯಾರಿಗೂ ತಿಳಿಸದೆ ಶಾಲೆಯಿಂದ ಹೊರಗೆ ಹೋಗಿದ್ದು, ಆ ಸಮಯದಲ್ಲಿ ಗ್ರಂಥಪಾಲಕಿ ಸ್ಟಾಫ್ ರೂಮಿನಲ್ಲಿದ್ದರು.' ಕೆಳಗೆ ನಿನ್ನ ಸಹಿ. ದುಂಡಗೆ, ನೀಟಾಗಿ, ಪುಸ್ತಕದ ಕಾರ್ಡಿನ ಮೇಲೆ ಹಾಕುವ ಹಾಗೇ.

ಆ ದಿನ, ಮೇಜಿನ ಕೆಲಸಕ್ಕೆ ಮಕ್ಕಳು ಕಣ್ಣಿನ ರಕ್ಷಣೆಗೆ ಹಾಕುವ ಒಂದು ಪ್ಲಾಸ್ಟಿಕ್ ಕನ್ನಡಕದ ಎಲಾಸ್ಟಿಕ್ ಕಿತ್ತುಹೋಗಿತ್ತು. ಎದುರು ಅಂಗಡಿಯಿಂದ ತರುತ್ತೇನೆ ಎಂದು ಎದ್ದೆ. "ಅಕ್ಕಾ, ಎರಡು ನಿಮಿಷ ಮೇಜಿನ ಕಡೆ ನೋಡ್ಕೋ" ಎಂದೆ. ನೀನು ರಿಜಿಸ್ಟರಿನಿಂದ ತಲೆ ಎತ್ತದೆ "ಹೋಗ್ಬಾ, ನಾನಿದ್ದೀನಿ" ಎಂದೆ. ಇಲ್ಲ ಎನ್ನು ನೋಡೋಣ.

ರಸ್ತೆ ದಾಟಿ ವಾಪಸ್ ಬರುವಾಗ ಗೇಟಿನಲ್ಲೇ ಕೂಗು ಕೇಳಿಸಿತು. ಮೊಳೆ ಕ್ರೇನು ಮಾಡಲು ಸೈಕಲ್ ಚಕ್ರದ ಕಡ್ಡಿ ಕತ್ತರಿಸುತ್ತಿದ್ದಳು. ತುಂಡು ಹಾರಿ ಕಣ್ಣಿಗೆ ಹೊಡೆದಿತ್ತು. ನೀನು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಸ್ಟಾಫ್ ರೂಮಿನಲ್ಲಿ ಅಲ್ಲ.

ವಿಚಾರಣೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ನೀನು ಅಳುತ್ತಿದ್ದೆ. ಅಮ್ಮ ತೀರಿಕೊಂಡ ವರ್ಷ ನನ್ನ ಕೈ ಹಿಡಿದು ಶಾಲೆಗೆ ಬಿಟ್ಟು, ಗೇಟಿನ ಹೊರಗೆ ಹಾಗೇ ಅಳುತ್ತಿದ್ದೆಯಲ್ಲ, ಅದು ನೆನಪಾಯಿತು. ಸಾಕು ಎನ್ನಿಸಿತು. ನಾನು ಹೊರಗೆ ಹೋದದ್ದಂತೂ ನಿಜ.

ಯಾಕೆ ಎಂದು ಕೇಳುತ್ತಿಲ್ಲ. ಆದರೆ ಏನೂ ಆಗದವರ ಹಾಗೆ ರೋಬೋಟಿನ ಕತೆ ಬರೆಯಬೇಡ. ಊಟ ಮಾಡು ಎನ್ನಬೇಡ.

ತಮ್ಮ

*

ಜೂನ್ 20

ತಮ್ಮಾ,

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಕೈಚೀಲದಲ್ಲಿ ಇಟ್ಟುಕೊಂಡು ಶಾಲೆಗೆ ಹೋಗುತ್ತೇನೆ, ಬರುತ್ತೇನೆ.

ನಿನಗೆ ಗೊತ್ತಿರುವುದು ಅರ್ಧ. ಉಳಿದದ್ದನ್ನು ಬರೆಯುತ್ತೇನೆ.

ನೀನು ಹೋದ ಮೇಲೆ ನಾನು ರಿಜಿಸ್ಟರಿಗೆ ಹಳೆಯ ಪುಸ್ತಕಗಳ ನಂಬರು ಏರಿಸುತ್ತಿದ್ದೆ. ಮೊಳೆ ಬಂದು ನನ್ನ ಮೇಜಿನ ಅಂಚು ಹಿಡಿದು ನಿಂತಳು. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಕಟಿಂಗ್ ಪ್ಲೇಯರು. "ಮಿಸ್, ಕನ್ನಡಕ ಎಲ್ಲಾ ಬೇರೆಯವರು ಹಾಕ್ಕೊಂಡಿದ್ದಾರೆ. ಒಂದೇ ಒಂದು ಕಡ್ಡಿ. ಕತ್ತರಿಸಲಾ ಮಿಸ್?"

ನಾನು "ಹೂಂ" ಎಂದೆ.

ಕೇಳಿಸಿಕೊಳ್ಳದೆ ಅಂದೆ ಎಂದು ಎಷ್ಟೋ ದಿನ ನನಗೇ ಹೇಳಿಕೊಂಡೆ. ಇಲ್ಲ. ಕೇಳಿಸಿತ್ತು. ಕನ್ನಡಕ ಇಲ್ಲ ಎಂದದ್ದೂ ಕೇಳಿಸಿತ್ತು. ಸಾಲು ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸಬೇಕಲ್ಲ ಎಂದು ಬೆರಳನ್ನು ಸಾಲಿನ ಮೇಲೆ ಒತ್ತಿ ಹಿಡಿದು ಹೂಂ ಎಂದೆ. ಅವಳು ಖುಷಿಯಾಗಿ ಓಡಿದಳು. ಪ್ಲೇಯರು ಕಟ್ ಎಂದದ್ದೂ ಕೇಳಿಸಿತು.

ವಿಚಾರಣೆಯ ದಿನ ಹೆಡ್ ಮಿಸ್ ಮೊದಲೇ ಟೈಪು ಮಾಡಿಸಿ ತಂದಿದ್ದರು. "ನೀವು ಸ್ಟಾಫ್ ರೂಮಲ್ಲಿದ್ರಿ ತಾನೇ?" ಎಂದರು. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಆಗ ನನಗೆ ಬಂದ ಯೋಚನೆ ಇದು, ಇದ್ದಂತೆ ಬರೆಯುತ್ತೇನೆ: ಅವನಿಗೆ ಕೈಕೆಲಸ ಗೊತ್ತು, ಎಲ್ಲಿ ಹೋದರೂ ಬದುಕುತ್ತಾನೆ; ನನಗೆ ಈ ಕೋಣೆ ಬಿಟ್ಟರೆ ಏನಿದೆ? ಅದಕ್ಕೂ ಹೂಂ ಎಂದೆ. ಸಹಿ ಮಾಡಿದೆ. ನೀಟಾಗಿದೆ ಎಂದೆಯಲ್ಲ, ಅದು ನಿಜ.

ಮೊಳೆ ಯಾರಿಗೂ ಹೇಳಿಲ್ಲ. ಯಾಕೆ ಹೇಳಿಲ್ಲ ಎಂದು ಕೇಳುವ ಧೈರ್ಯ ನನಗಿಲ್ಲ. ದಿನಾ ಸಂಜೆ ನನ್ನ ಎದುರು ಕೂತು ಪುಸ್ತಕ ಓದುತ್ತಾಳೆ. ಬೆಳಕು ಸಾಲದಿದ್ದರೆ ಎದ್ದು ಹೋಗಿ ಅವಳ ಬಲಗಡೆಯ ದೀಪ ಹಾಕುತ್ತೇನೆ. ಪ್ರತಿ ಸಲವೂ "ಥ್ಯಾಂಕ್ಯೂ ಮಿಸ್" ಎನ್ನುತ್ತಾಳೆ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಡಲಾರರು.

ಪ್ರೀತಿಯ ಅಕ್ಕ ಎಂದು ಬರೆಯಲು ಅಂಜಿಕೆ.

ಅಕ್ಕ

*

ಜುಲೈ 1

ಅಕ್ಕನಿಗೆ,

ಓದಿದೆ. ಗೋದಾಮಿಗೆ ಎರಡು ದಿನ ಹೋಗಲಿಲ್ಲ.

ನನಗೆ ಹೇಳಿ ಏನಾಗಬೇಕು? ಕಣ್ಣು ಹೋದದ್ದು ನನ್ನದಲ್ಲ. ಅವಳಮ್ಮನಿಗೆ ಹೇಳು. ಶಾಲೆಗೆ ಹೇಳು. ಆ ಮಗು ಒಬ್ಬಳೇ ಅದನ್ನು ಹೊತ್ತುಕೊಂಡಿದ್ದಾಳೆ. ಒಂಬತ್ತು ವರ್ಷ ಅವಳಿಗೆ.

ಹೇಳಿದ ಮೇಲೆ ಬರಿ. ಅಲ್ಲಿಯವರೆಗೆ ಬೇಡ.

ತಮ್ಮ

*

ಜುಲೈ 28

ತಮ್ಮಾ,

ಹೇಳಿದೆ.

ಮೊದಲು ಹೆಡ್ ಮಿಸ್ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು, ಎದ್ದು ಬಾಗಿಲು ಹಾಕಿ ಬಂದರು. "ಮುಗಿದು ಹೋದದ್ದನ್ನ ಯಾಕೆ ಕೆದಕ್ತೀರಿ? ನಿಮ್ಮ ಮನಸ್ಸಿನ ಸಮಾಧಾನಕ್ಕೆ ಶಾಲೆ ಮಾನ ಕಳೀಬೇಕಾ?" ಎಂದರು. ನಾನು ಬರೆದು ತಂದಿದ್ದ ಹೇಳಿಕೆಯನ್ನು ಓದಲೂ ಇಲ್ಲ, ಮುಟ್ಟಲೂ ಇಲ್ಲ. ಮೇಜಿನ ಮೇಲೆ ಇಟ್ಟದ್ದನ್ನು ಸ್ಕೇಲಿನ ತುದಿಯಿಂದ ನನ್ನ ಕಡೆಗೆ ತಳ್ಳಿದರು. ಅದನ್ನು ಮೇಲಿನ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ.

ಭಾನುವಾರ ಮೊಳೆಯ ಮನೆಗೆ ಹೋದೆ. ಒಂದೇ ಕೋಣೆ. ಗೋಡೆಗೆ ಒರಗಿಸಿದ ಹಾಸಿಗೆ, ಮೂಲೆಯಲ್ಲಿ ಒಲೆ, ಕಿಟಕಿಯ ಹತ್ತಿರ ಬಾಡಿಗೆಯ ಹೊಲಿಗೆ ಮಿಷನ್ನು. ಅವಳಮ್ಮ ಬಟ್ಟೆ ಮಡಚುತ್ತಿದ್ದಳು. "ಬನ್ನಿ ಮಿಸ್, ಕೂತ್ಕೊಳ್ಳಿ" ಎಂದು ಇದ್ದ ಒಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ನಾನು ನಿಂತೇ ಹೇಳಿದೆ. ನಿನಗೆ ಬರೆದಷ್ಟನ್ನೂ ಹೇಳಿದೆ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಫ್ರಾಕನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ನಿಮ್ಮ ತಮ್ಮ ಬಂದು ಈ ಬಾಗಿಲಲ್ಲೇ ನಿಂತಿದ್ದ ಮಿಸ್. ನಾನು ಏನೇನೆಲ್ಲಾ ಅಂದೆ ಗೊತ್ತಾ? ನಿನ್ನ ಕೈ ಮುರಿದು ಹೋಗ್ಲಿ ಅಂದೆ. ಒಂದು ಮಾತು ಆಡ್ಲಿಲ್ಲ ಆ ಮನುಷ್ಯ. ನೀವು ಆವಾಗ ಎಲ್ಲಿದ್ರಿ?"

"ಮನೇಲಿದ್ದೆ."

"ಇಷ್ಟು ತಿಂಗಳಿಂದ ದಿನಾ ಸಾಯಂಕಾಲ ಇವಳನ್ನ ನಿಮ್ಮ ಹತ್ರ ಬಿಟ್ಟಿದ್ದೀನಿ. ಲೈಬ್ರರಿ ಮಿಸ್ ದೇವರಂಥೋರು ಅಂತ ಪಕ್ಕದ ಮಿಷನ್ನಿನವಳಿಗೆ ಹೇಳ್ತಿದ್ದೆ."

ಅವಳು ಮಗಳ ಕಡೆ ತಿರುಗಿದಳು. ಮೊಳೆ ಹಾಸಿಗೆಗೆ ಒರಗಿ ನೆಲದ ಮೇಲೆ ಕೂತಿದ್ದಳು.

"ನಿನಗೆ ಗೊತ್ತಿತ್ತಾ?"

"ಹೂಂ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಹೇಳಿದ್ರೆ ನೀನು ಲೈಬ್ರರಿಗೆ ಕಳಿಸ್ತಿರ್ಲಿಲ್ಲ."

ಅವಳಮ್ಮ ನನ್ನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಬೈದಿದ್ದರೆ, ಹೊಡೆದಿದ್ದರೆ ಒಳ್ಳೆಯದಿತ್ತು. "ಅವನಿಗೆ ಹಾಕಿದ ಶಾಪಾನೇ ನನ್ನ ಎದೇಲಿ ಇನ್ನೂ ಉರೀತಿದೆ. ನಿಮಗೆ ಇನ್ನೊಂದು ಹಾಕೋಕೆ ನನ್ನ ಹತ್ರ ಶಕ್ತಿ ಇಲ್ಲ. ಹೋಗಿ ಮಿಸ್" ಎಂದಳು. ಮೊಳೆ ಎದ್ದು ಬಂದು ನನ್ನ ಚಪ್ಪಲಿಯನ್ನು ಬಾಗಿಲ ಹತ್ತಿರ ಸರಿ ಮಾಡಿ ಇಟ್ಟಳು. ಒಂದನ್ನು ಹಿಡಿಯುವಾಗ ಅವಳ ಕೈ ಎರಡು ಸಲ ತಪ್ಪಿತು.

ಮರುದಿನದಿಂದ ಲೈಬ್ರರಿಗೆ ಬರಲಿಲ್ಲ. ನಾಲ್ಕು ದಿನದ ಮೇಲೆ ಅವಳಮ್ಮ ಬಂದು ವರ್ಗಾವಣೆ ಪತ್ರ ತೆಗೆದುಕೊಂಡು ಹೋದಳು. ಮೊಳೆಯ ಹೆಸರಿನಲ್ಲಿ ಎರಡು ಪುಸ್ತಕ ಇದ್ದವು. ಎರಡನ್ನೂ ಪೇಪರಿನಲ್ಲಿ ಸುತ್ತಿ ಜವಾನನ ಕೈಯಲ್ಲಿ ಕೊಟ್ಟಿದ್ದಳು.

ಇದನ್ನು ಹೇಗೆ ಮುಗಿಸಬೇಕೋ ತಿಳಿಯುತ್ತಿಲ್ಲ. ನೀನು ಹೇಳು ಎಂದೆ, ಹೇಳಿದೆ. ಇನ್ನಾದರೂ ಬಾ. ಮೇಜು ಹೋದರೆ ಹೋಗಲಿ. ನಿನ್ನ ಅಂಗಡಿ ಇದೆ, ಅದರ ಷಟರಿನ ಮೇಲೆ ಬಾಡಿಗೆಗಿದೆ ಎಂದು ಯಾರೂ ಚೀಟಿ ಅಂಟಿಸಿಲ್ಲ. ತಪ್ಪು ಯಾರದು ಎಂದು ಈಗ ಎಲ್ಲರಿಗೂ ಗೊತ್ತು.

ದಾರಿ ನೋಡುತ್ತಿರುವ
ಅಕ್ಕ

*

ಆಗಸ್ಟ್ 19

ಅಕ್ಕನಿಗೆ,

ನಿನ್ನ ಕಾಗದ ಓದಿ ಮೊದಲು ನನಗೆ ಬಂದ ಯೋಚನೆ, ಅವಳಮ್ಮ ಆ ಶಾಪದ ಮಾತು ವಾಪಸ್ ತೆಗೆದುಕೊಂಡಳಾ ಎಂದು. ಆ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು.

ತಪ್ಪು ಯಾರದು ಎಂದು ಎಲ್ಲರಿಗೂ ಗೊತ್ತು ಎಂದು ಬರೆದಿದ್ದೀಯ. ಎಂಟು ಮಕ್ಕಳನ್ನು ಮೇಜಿಗೆ ಕೂರಿಸಿ, ಆರೇ ಕನ್ನಡಕ ಇಟ್ಟವನು ನಾನು. ಇನ್ನೆರಡು ಬೇಕು ಎಂದು ಗೊತ್ತಿತ್ತು. ಮುಂದಿನ ವಾರ, ಮುಂದಿನ ವಾರ ಎಂದು ತಳ್ಳಿದೆ. ಸೈಕಲ್ ಕಡ್ಡಿ ತಂದು ಮೇಜಿನ ಮೇಲೆ ಹಾಕಿದವನೂ ನಾನೇ. ಅದು ಗಟ್ಟಿ ಉಕ್ಕು, ಕತ್ತರಿಸಿದರೆ ಹಾರುತ್ತದೆ ಎಂದು ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಹೋಗುವಾಗ ಪ್ಲೇಯರನ್ನು ಜೇಬಿಗೆ ಹಾಕಿಕೊಂಡು ಹೋಗಬಹುದಿತ್ತು. ಹಾಕಿಕೊಳ್ಳಲಿಲ್ಲ.

ನೀನು ನಿನ್ನ ಪಾಲು ತೆಗೆದುಕೊಂಡೆ ಎಂದು ನನ್ನ ಪಾಲು ಕಮ್ಮಿಯಾಗಲಿಲ್ಲ ಅಕ್ಕಾ. ಮೊದಲು ಒಬ್ಬ ಇದ್ದ, ಈಗ ಇಬ್ಬರಿದ್ದೇವೆ, ಅಷ್ಟೇ.

ಹೇಳು ಎಂದು ನಿನ್ನನ್ನು ಕಳಿಸಿದವನೂ ನಾನು. ಆ ಮಗುವಿಗೆ ಉಳಿದಿದ್ದದ್ದು ಅದೊಂದು ಕೋಣೆ. ಅದಕ್ಕಾಗಿ ಇಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು. ಅದೂ ಹೋಯಿತು. ನಿನಗೆ ಹಾಗೆ ಬರೆದು ಕಳಿಸಿದ ಮೇಲೆ, ಸರಿಯಾದದ್ದನ್ನು ಮಾಡಿದೆ ಎಂದು ಎರಡು ದಿನ ಸ್ವಲ್ಪ ಹಗುರವಾಗಿದ್ದೆ. ಆಮೇಲೆ ನಿನ್ನ ಕಾಗದ ಬಂತು.

ಅಂಗಡಿಗೆ ಬರುವುದಿಲ್ಲ. ಕೈಕೆಲಸ ಗೊತ್ತು, ಎಲ್ಲಿ ಹೋದರೂ ಬದುಕುತ್ತಾನೆ ಎಂದು ಅಂದುಕೊಂಡೆಯಲ್ಲ. ಬದುಕಿದ್ದೇನೆ. ಮೊನ್ನೆ ಒಡೆಯುವ ರಾಶಿಯಲ್ಲಿ ಮಕ್ಕಳ ಆಟಿಕೆಯ ಸಣ್ಣ ಮೋಟರು ಸಿಕ್ಕಿತು. ಸೆಲ್ಲಿಗೆ ಮುಟ್ಟಿಸಿ ನೋಡಿದೆ, ಚೆನ್ನಾಗಿ ತಿರುಗಿತು. ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಒಡೆದು, ತಾಮ್ರ ತಾಮ್ರದ ಗುಡ್ಡೆಗೆ ಹಾಕಿದೆ.

ಇನ್ನು ಬರೆಯಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟಿದ್ದರೆ ಬರಿ ಎನ್ನುತ್ತಿದ್ದೆ.

ತಮ್ಮ

*

ನವೆಂಬರ್ 30

ತಮ್ಮಾ,

ಬರೆಯಬೇಡ ಎಂದೆ. ಮೂರು ತಿಂಗಳು ಬರೆಯಲಿಲ್ಲ. ಇದೊಂದು ಸಲ ಮೀರುತ್ತೇನೆ.

ಮೇಲಿನ ಕಚೇರಿಯಿಂದ ಉತ್ತರ ಬಂತು. ಎರಡು ಸಾಲು. 'ಸದರಿ ಪ್ರಕರಣವು ಈಗಾಗಲೇ ಮುಕ್ತಾಯಗೊಂಡಿದ್ದು, ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.' ನಾನು ಕಳಿಸಿದ್ದು ಮನವಿಯಲ್ಲ ಎಂದು ಹೇಳಲು ಅಲ್ಲಿ ಯಾರ ಹೆಸರೂ ಇರಲಿಲ್ಲ. ವರದಿ ಮೊದಲು ಇದ್ದ ಹಾಗೇ ಇದೆ. ಅದರಲ್ಲಿ ನೀನು ಯಾರಿಗೂ ತಿಳಿಸದೆ ಹೊರಗೆ ಹೋದವನು, ನಾನು ಸ್ಟಾಫ್ ರೂಮಿನಲ್ಲಿ ಇದ್ದವಳು. ಹಾಗೇ ಇರುತ್ತದೆ.

ನನ್ನನ್ನು ಆಫೀಸಿನ ಕೆಲಸಕ್ಕೆ ಹಾಕಿದ್ದಾರೆ. ಹಾಜರಿ ಪುಸ್ತಕ ನೋಡಿಕೊಳ್ಳುತ್ತೇನೆ. ಲೈಬ್ರರಿಯನ್ನು ಆ ರೋಬೋಟು ಡಬ್ಬಿಯವರಿಗೆ ಕೊಟ್ಟಾಯಿತು. ಪುಸ್ತಕಗಳನ್ನು ಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಕಿಟಕಿಯ ಕೆಳಗಿನ ಮೇಜನ್ನು ಬಾಗಿಲಿನಿಂದ ಹೊರಗೆ ತರಲಾಗದೆ ಎರಡು ತುಂಡು ಮಾಡಿ ತಂದರು. ಮಕ್ಕಳು ಸಾಲಾಗಿ ನಿಂತು ನೋಡಿದರು. ಒಬ್ಬರೂ ನಿನ್ನನ್ನು ಕೇಳಲಿಲ್ಲ. ಬರುವುದಿಲ್ಲ ಎಂದು ನೀನು ಹೇಳಿದ ಹಾಗೇ ಹೇಳಿದ್ದೆ. ಕೇಳುವುದನ್ನು ಬಿಟ್ಟಿದ್ದಾರೆ.

ಇದನ್ನೆಲ್ಲ ತಿಳಿಸಲು ಬರೆಯುತ್ತಿಲ್ಲ. ಮೊನ್ನೆ ಮೊಳೆಯನ್ನು ನೋಡಿದೆ.

ಈಗ ಅವಳು ಕಾರ್ಖಾನೆಯ ಹತ್ತಿರದ ಶಾಲೆಗೆ ಹೋಗುತ್ತಾಳಂತೆ. ಅಲ್ಲಿ ಲೈಬ್ರರಿ ಇಲ್ಲ. ಶಾಲೆ ಬಿಟ್ಟ ಮೇಲೆ ಅವಳಮ್ಮನ ಕೆಲಸ ಮುಗಿಯುವವರೆಗೂ ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ ಎಂದು ಜವಾನ ಹೇಳಿದ. ಸಾಯಂಕಾಲ ಐದೂವರೆಗೆ ಹೋದೆ. ನೋಡಿ ಬರುತ್ತೇನೆ, ಅಷ್ಟೇ ಎಂದುಕೊಂಡು ಹೋದೆ.

ಮೆಟ್ಟಿಲ ಎರಡೂ ಕಡೆ ಬಟ್ಟೆಯ ಗಂಟುಗಳಿದ್ದವು. ನಡುವೆ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಸ್ವಲ್ಪ ಉದ್ದವಾಗಿದ್ದಾಳೆ. ಸುತ್ತಲೂ ಚೂರು ಬಟ್ಟೆ, ಖಾಲಿ ದಾರದ ಉರುಳೆಗಳು, ರಟ್ಟಿನ ತುಂಡುಗಳು ಬಿದ್ದಿದ್ದವು. ಹೋದ ವರ್ಷದ ಮೊಳೆಯಾಗಿದ್ದರೆ ಅಷ್ಟರಲ್ಲಿ ಒಂದು ಊರನ್ನೇ ಕಟ್ಟಿಬಿಡುತ್ತಿದ್ದಳು. ಒಂದು ಉರುಳೆ ಅವಳ ಕಾಲಿಗೇ ತಗುಲಿಕೊಂಡು ನಿಂತಿತ್ತು. ಕಾಲಿನಿಂದ ಅತ್ತ ಸರಿಸಿದಳು. ಓದುತ್ತಲೂ ಇರಲಿಲ್ಲ. ರಸ್ತೆಯ ಕಡೆ ಮುಖ ಮಾಡಿ, ಎರಡೂ ಕೈಗಳನ್ನು ಬ್ಯಾಗಿನ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು ಕೂತಿದ್ದಳು. ಅರ್ಧ ಗಂಟೆ ನಿಂತಿದ್ದೆ. ಆ ಕೈಗಳು ಅಲುಗಲಿಲ್ಲ.

ನಾನು ನಿಂತಿದ್ದದ್ದು ಅವಳ ಎಡಗಡೆ. ನಡುವೆ ಹೆಚ್ಚೆಂದರೆ ಹತ್ತು ಅಡಿ. ಎರಡು ಹೆಜ್ಜೆ ಮುಂದೆ ಬಂದಿದ್ದರೆ ಅವಳಿಗೆ ಕಾಣಿಸುತ್ತಿದ್ದೆ. ಕಂಡಿದ್ದರೆ ಎದ್ದು ನಿಂತು "ನಮಸ್ತೆ ಮಿಸ್" ಎನ್ನುತ್ತಿದ್ದಳು ಎಂಬುದೂ ಗೊತ್ತಿತ್ತು.

ಆರಕ್ಕೆ ಗಂಟೆ ಹೊಡೆಯಿತು. ಅವಳಮ್ಮ ಹೊರಗೆ ಬಂದು ಕೈ ಹಿಡಿದುಕೊಂಡಳು. ಇಬ್ಬರೂ ನನ್ನ ಪಕ್ಕದಲ್ಲೇ ಹಾದುಹೋದರು. ಅವಳಮ್ಮ ನನ್ನನ್ನು ನೋಡಿದಳು, ನಡಿಗೆ ನಿಲ್ಲಿಸಲಿಲ್ಲ. ಮೊಳೆಯ ಎಡ ಮೊಣಕೈ ನನ್ನ ಸೀರೆಗೆ ತಾಗಿತು. ಯಾರಿಗೆ ತಾಗಿತು ಎಂದು ತಿಳಿಯದೆ, ತಿರುಗಿಯೂ ನೋಡದೆ, "ಸಾರಿ" ಎಂದಳು.

ಅಕ್ಕ